ಮಕ್ಕಳ ಸಂಧಿವಾತ ಮತ್ತು ಸೊಂಟದ ಕೀಲಿನ ಆಪರೇಷನ್

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಧರ್ಮಭಗಿನಿಯೊಬ್ಬರು ನೀಡಿದ ಉಪನ್ಯಾಸ)



ಸಂಧಿವಾತ ಎಂದ ಕೂಡಲೇ ನಮಗೆ ನೆನಪಾಗುವವರು ಅಜ್ಜ-ಅಜ್ಜಿಯರು. ಆದರೆ ಈ ಕಾಯಿಲೆ ಮಕ್ಕಳಿಗೂ ಬರುತ್ತದೆ. 16 ವರ್ಷ ತುಂಬುವ ಮೊದಲೇ ಶುರುವಾಗಿ, 6 ವಾರ ಕಳೆದರೂ ಕೀಲಿನ ಊತ ಇಳಿಯದೆ, ಬೇರೆ ಕಾರಣವೂ ಸಿಗದಿದ್ದರೆ ವೈದ್ಯರು ಅದನ್ನು ಮಕ್ಕಳ ಸಂಧಿವಾತ ಎನ್ನುತ್ತಾರೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿ ಬೀಳುವುದರಿಂದ ಹೀಗಾಗುತ್ತದೆ. ಇದು ಯಾರ ದೃಷ್ಟಿಯೂ ಅಲ್ಲ, ಶಾಪವೂ ಅಲ್ಲ.

ಬೆಳಿಗ್ಗೆ ಏಳುವಾಗ ಮಗುವಿನ ಕೈಕಾಲು ಬಿಗಿದುಕೊಂಡಿರುತ್ತದೆ. ಹೊತ್ತು ಏರಿದಂತೆ ಸಡಿಲವಾಗುತ್ತದೆ. ಅದಕ್ಕೇ ಮನೆಯವರು, "ಶಾಲೆ ತಪ್ಪಿಸೋಕೆ ನಾಟಕ, ಮಧ್ಯಾಹ್ನ ಆದ್ರೆ ಸರಿಹೋಗ್ತಾಳೆ" ಅಂತಾರೆ. ನಾಟಕ ಅಲ್ಲಮ್ಮಾ, ಕಾಯಿಲೆಯ ಲಕ್ಷಣವೇ ಅದು.

ಈ ಕಾಯಿಲೆ ಸೊಂಟದ ಕೀಲಿಗೆ ಇಳಿದರೆ ನಡಿಗೆಗೇ ಪೆಟ್ಟು. ನಮ್ಮ ಒರಳುಕಲ್ಲನ್ನು ನೆನೆಸಿಕೊಳ್ಳಿ. ಒರಳಿನ ಗುಳಿಯಲ್ಲಿ ಗುಂಡು ತಿರುಗುವ ಹಾಗೆ, ಸೊಂಟದ ಗುಳಿಯಲ್ಲಿ ತೊಡೆಮೂಳೆಯ ತಲೆ ತಿರುಗುತ್ತದೆ. ನಡುವೆ ನುಣುಪಾದ ಮೃದ್ವಸ್ಥಿ ಇರುತ್ತದೆ. ಅದು ಸವೆದುಹೋದರೆ ಮೂಳೆಗೆ ಮೂಳೆ ಉಜ್ಜುತ್ತದೆ. ನೋವು ತೊಡೆಸಂದಿನಲ್ಲಿ ಬರುತ್ತದೆ, ಕೆಲವೊಮ್ಮೆ ಮೊಣಕಾಲಿನಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ. ಮಗು ಕುಂಟುತ್ತಿದ್ದರೆ ಮೊಣಕಾಲಿಗೆ ಎಣ್ಣೆ ಹಚ್ಚಿ ಸುಮ್ಮನಾಗಬೇಡಿ.

ಬೇಗ ಚಿಕಿತ್ಸೆ ಸಿಕ್ಕರೆ ಬಹಳಷ್ಟು ಮಕ್ಕಳ ಕೀಲು ಉಳಿಯುತ್ತದೆ. ಸಂಧಿವಾತ ತಜ್ಞರು ಸಾಮಾನ್ಯವಾಗಿ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವಂಥದ್ದು. ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಹೇಳಿದಾಗ ರಕ್ತ ಪರೀಕ್ಷೆ ಮಾಡಿಸಿ. ಕಣ್ಣನ್ನೂ ತೋರಿಸಿ, ಏಕೆಂದರೆ ಕೆಂಪಾಗದೆ, ನೋವಿಲ್ಲದೆಯೇ ಕಣ್ಣಿನೊಳಗೆ ಉರಿಯೂತ ಆಗಬಹುದು. ಹೆಸರಿಲ್ಲದ ಪುಡಿ, ಗುಳಿಗೆ ಬೇಡ. ಅದರಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ನೋವು ತಕ್ಷಣ ಇಳಿಯುತ್ತದೆ, ಆದರೆ ಹೆಚ್ಚು ದಿನ ತಿಂದರೆ ತೊಡೆಮೂಳೆಯ ತಲೆಯೇ ಸಾಯಬಹುದು.

ಇಷ್ಟಾದರೂ ಕೆಲವು ಮಕ್ಕಳ ಕೀಲು ಪೂರ್ತಿ ಹಾಳಾಗುತ್ತದೆ. ಆಗ ಉಳಿಯುವ ದಾರಿ ಕೀಲು ಬದಲಿ ಶಸ್ತ್ರಚಿಕಿತ್ಸೆ. ಇಂಗ್ಲೆಂಡಿನ ಡಾಕ್ಟರ್ ಜಾನ್ ಚಾರ್ನ್ಲಿ 1962ರಲ್ಲಿ ಇದಕ್ಕೆ ಇಂದಿನ ರೂಪ ಕೊಟ್ಟರು. ಹಾಳಾದ ಮೂಳೆಯ ತಲೆಯನ್ನು ತೆಗೆದು ಲೋಹದ ಅಥವಾ ಸೆರಾಮಿಕ್ಕಿನ ಗುಂಡನ್ನು, ಸವೆದ ಗುಳಿಗೆ ಹೊಸ ಬಟ್ಟಲನ್ನು ಕೂರಿಸುತ್ತಾರೆ.

"ಇಷ್ಟು ಚಿಕ್ಕ ವಯಸ್ಸಿಗೆ ಯಾಕೆ ಸಿಸ್ಟರ್, ಮುಂದೆ ನೋಡೋಣ" ಎನ್ನುವವರಿದ್ದಾರೆ. ಅವರ ಮಾತಿನಲ್ಲೂ ನ್ಯಾಯವಿದೆ. ಮೂಳೆಯ ಬೆಳವಣಿಗೆ ಮುಗಿಯಲಿ ಎಂದು ವೈದ್ಯರೂ ಸಾಧ್ಯವಾದಷ್ಟು ಕಾಯುತ್ತಾರೆ. ಬದಲಿ ಕೀಲು ಸವೆಯುತ್ತದೆ. ಹದಿಹರೆಯದಲ್ಲಿ ಹಾಕಿಸಿದರೆ ಮುಂದೆ ಇನ್ನೊಮ್ಮೆ ಆಪರೇಷನ್ ಬೇಕಾಗುವ ಸಂಭವವೇ ಹೆಚ್ಚು. ಸೋಂಕು, ಕೀಲು ಜಾರುವುದು, ರಕ್ತ ಹೆಪ್ಪುಗಟ್ಟುವುದು ಇಂಥ ಅಪಾಯಗಳೂ ಇವೆ. ಆದರೆ ಮಗು ನಡೆಯಲಾರದೆ, ರಾತ್ರಿ ನಿದ್ದೆಯಿಲ್ಲದೆ, ಶಾಲೆ ಬಿಟ್ಟು ಮೂಲೆಯಲ್ಲಿ ಕುಳಿತಿರುವಾಗ ಕಾಯುವುದಕ್ಕೂ ಬೆಲೆ ತೆರಬೇಕು. ಸ್ನಾಯು ಕರಗುತ್ತದೆ, ಮೂಳೆ ತೆಳುವಾಗುತ್ತದೆ, ಕಾಲು ಮಡಚಿದಂತೆಯೇ ಬಿಗಿದುಹೋಗುತ್ತದೆ. ಆಮೇಲೆ ಮಾಡುವ ಆಪರೇಷನ್ ಇನ್ನೂ ಕಷ್ಟ. ಆದ್ದರಿಂದ ಯಾವಾಗ ಎಂಬುದನ್ನು ನೆರೆಹೊರೆಯವರಲ್ಲ, ಸಂಧಿವಾತ ತಜ್ಞರು, ಮೂಳೆ ತಜ್ಞರು ಮತ್ತು ನೀವು ಕೂಡಿ ನಿರ್ಧರಿಸಬೇಕು. ಮಗಳನ್ನೂ ಕೇಳಿ. ನೋವು ಅವಳದು.

ಇನ್ನೊಂದು ಮಾತನ್ನು ತಾಯಂದಿರು ಪಿಸುದನಿಯಲ್ಲಿ ಕೇಳುತ್ತಾರೆ: "ಆಪರೇಷನ್ ಆದ ಹುಡುಗೀನ ಯಾರು ಮದುವೆ ಮಾಡ್ಕೋತಾರೆ?" ಮಗನ ವಿಷಯದಲ್ಲಿ ಈ ಪ್ರಶ್ನೆ ಏಳುವುದಿಲ್ಲ, ಗಮನಿಸಿದ್ದೀರಾ? ಬದಲಿ ಕೀಲು ಇರುವ ಹೆಣ್ಣು ಬಸುರಿಯಾಗಬಹುದು, ಸಹಜ ಹೆರಿಗೆಯೂ ಆಗಬಹುದು. ಮೆಥೊಟ್ರೆಕ್ಸೇಟ್ ಮಾತ್ರ ಗರ್ಭದ ಮಗುವಿಗೆ ಅಪಾಯಕಾರಿ. ಅದನ್ನು ಮೊದಲೇ ವೈದ್ಯರಿಗೆ ಹೇಳಿ ನಿಲ್ಲಿಸಬೇಕು. ಮದುವೆಗೆ ಹೆದರಿ ಕಾಲನ್ನು ಕಳೆದುಕೊಳ್ಳುವುದು ಬೇಡ.

ಆಪರೇಷನ್ನಿಗೆ ಮೊದಲು ಕುತ್ತಿಗೆ, ದವಡೆ ಬಿಗಿತವಿದ್ದರೆ ಅರಿವಳಿಕೆ ಕೊಡುವ ವೈದ್ಯರಿಗೆ ತಪ್ಪದೆ ಹೇಳಿ. ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಆಮೇಲೆ ವಾಕರ್ ಹಿಡಿದು ನಡೆಸುತ್ತಾರೆ, ವ್ಯಾಯಾಮ ಹೇಳಿಕೊಡುತ್ತಾರೆ. ಮನೆಯಲ್ಲಿ ಅದನ್ನು ಬಿಡಬಾರದು. ಕುಕ್ಕರಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು ವೈದ್ಯರು ಹೇಳುವ ತನಕ ಬೇಡ. ಎತ್ತರದ ಕುರ್ಚಿ, ಕಮೋಡ್ ಕುರ್ಚಿ ಮೊದಲೇ ಸಿದ್ಧವಿರಲಿ. ನೋವಿಲ್ಲದಿದ್ದರೂ ಹೇಳಿದ ದಿನ ಹೋಗಿ ಎಕ್ಸ್‌ರೇ ತೆಗೆಸಿ.

ಹಣದ ಮಾತು. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅವಕಾಶವಿದೆ. ರೇಷನ್ ಕಾರ್ಡು, ಆಧಾರ್ ಹಿಡಿದು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಈ ಆಪರೇಷನ್ ಯೋಜನೆಯಡಿ ಎಲ್ಲಿ ಆಗುತ್ತದೆ ಎಂದು ಅಲ್ಲಿನ ಆರೋಗ್ಯಮಿತ್ರರನ್ನು ಕೇಳಿ. ಕಾಗದ ನೋಡದೆ ಬಡ್ಡಿಗೆ ಸಾಲ ಮಾಡಬೇಡಿ.

ಬಸ್ ಚಾರ್ಜು, ಊಟ, ಕಳೆದುಕೊಂಡ ಕೂಲಿ, ಇವನ್ನು ಯಾವ ಕಾರ್ಡೂ ಕೊಡುವುದಿಲ್ಲ. ಅಲ್ಲಿ ಬೇಕು ನಮ್ಮ ಸಂಘ. ಜೆರುಸಲೇಮಿನ ಕೊಳದ ದಡದಲ್ಲಿ 38 ವರ್ಷ ರೋಗಿಯಾಗಿ ಬಿದ್ದಿದ್ದ ಒಬ್ಬನ ಕಥೆ ಶುಭಸಂದೇಶದಲ್ಲಿದೆ. ನೀರು ಹತ್ತಿರವೇ ಇತ್ತು, ಅವನನ್ನು ಇಳಿಸುವವರು ಇರಲಿಲ್ಲ. ಮುಂದಿನ ವಾರದ ಸಭೆಯಲ್ಲಿ ಉಳಿತಾಯ ಬರೆದಾದ ಮೇಲೆ ಒಂದು ಪ್ರಶ್ನೆ ಕೇಳಿ: ನಮ್ಮ ಬೀದಿಯಲ್ಲಿ ಕುಂಟುತ್ತಿರುವ, ಶಾಲೆ ಬಿಟ್ಟಿರುವ ಮಗು ಇದೆಯೇ? ಇದ್ದರೆ ಆಂತರಿಕ ಸಾಲದಲ್ಲಿ ಆ ತಾಯಿಗೆ ಮೊದಲ ಅವಕಾಶ ಕೊಡಿ, ಇಬ್ಬರು ಜೊತೆಯಲ್ಲಿ ಆಸ್ಪತ್ರೆಗೆ ಹೋಗಿ. ನಿರ್ಣಯ ಪುಸ್ತಕದಲ್ಲಿ ಹೆಸರು, ತಾರೀಖು ಬರೆದಿಡಿ.