ಅಣಬೆ ಮತ್ತು ಶುಂಠಿ: ಪೋಷಣೆಯ ತುಲನೆ



ಈ ಎರಡು ಪದಾರ್ಥಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಬೇಕಾದ ಪ್ರಸಂಗವೇಕೆ ಬಂದಿತೆಂದು ತಮಗೆ ಆಶ್ಚರ್ಯವಾಗಬಹುದು. ಮುಂಬಯಿಯ ನಮ್ಮ ಕನ್ನಡ ಗೃಹಿಣಿಯರು ಆಗಾಗ ಕೇಳುವ ಪ್ರಶ್ನೆಯಿದು: ಬೆಳೆಯುವ ಮಗುವಿನ ಊಟಕ್ಕೆ ಬೇಳೆಯ ಬದಲು ಅಣಬೆಯನ್ನು ಕೊಡಬಹುದೇ? ನಿತ್ಯ ಶುಂಠಿಯ ಕಷಾಯ ಕುಡಿಸಿದರೆ ಮೈಗೆ ಬಲ ಬರುವುದೇ? ತಿಂಗಳ ಸಂಬಳದಲ್ಲಿ ಅಳೆದು ತೂಗಿ ತರಕಾರಿ ಕೊಳ್ಳುವ ಸಂಸಾರಕ್ಕೆ ಇದು ಕೇವಲ ಕುತೂಹಲದ ವಿಷಯವಲ್ಲ.

ಶುಂಠಿಯಂತೂ ಈ ನಗರದ ಉಸಿರಿನಲ್ಲಿಯೇ ಬೆರೆತಿದೆ. ಬೀದಿಬದಿಯ ಚಹದ ಅಂಗಡಿಯಲ್ಲಿ ಅದನ್ನು ಜಜ್ಜುವ ಸದ್ದು ಬೆಳಗಿನ ಲೋಕಲ್ ಗಾಡಿಗಿಂತ ಮೊದಲೇ ಕೇಳಿಬರುತ್ತದೆ. ಸಾತಾರಾದಿಂದಲೂ ನಮ್ಮ ಕರ್ನಾಟಕದಿಂದಲೂ ಬರುವ ಶುಂಠಿ ವಾಶಿಯ ಸಗಟು ಮಾರುಕಟ್ಟೆಯಲ್ಲಿ ಇಳಿಯುತ್ತದೆ. ಅಣಬೆಯು ಪೆಟ್ಟಿಗೆಯಲ್ಲಿ ಕುಳಿತು ಇಲ್ಲಿನ ಅಂಗಡಿಗಳಿಗೆ ಬಂದುದು ತೀರ ಈಚೆಗೆ. ಆದರೆ ಕರಾವಳಿಯಿಂದ ಬಂದವರಿಗೆ ಮೊದಲ ಮಳೆಯ ಕಲ್ಲಣಬೆಯ ರುಚಿ ಮರೆತಿರಲಾರದು. ತುಳುವಿನ ಅಲಂಬು, ಮರಾಠಿಯ ಅಳಂಬಿ, ನಮ್ಮ ಅಣಬೆ, ಇವು ಕಿವಿಗೆ ಒಂದೇ ಮನೆತನದ ಹೆಸರುಗಳಂತೆ ಕೇಳಿಸುತ್ತವೆ.

ಭಾರತೀಯ ಆಹಾರಗಳ ಪೋಷಕಾಂಶಗಳ ಪಟ್ಟಿಯನ್ನು 1937ರಲ್ಲಿ ಕೂನೂರಿನಲ್ಲಿ ಡಾ. ಅಯ್‌ಕ್ರಾಯ್ಡ್ ಅವರು ಮೊದಲಿಗೆ ಪ್ರಕಟಿಸಿದರು. ಆ ಸಂಸ್ಥೆಯೇ ಮುಂದೆ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು. 2017ರಲ್ಲಿ ಹೊಸ ಪಟ್ಟಿಯನ್ನು ಹೊರತಂದಿತು. ಇಂತಹ ಪಟ್ಟಿಗಳನ್ನು ನೋಡಿದರೆ, 100 ಗ್ರಾಂ ಹಸಿ ಬಿಳಿ ಅಣಬೆಯಲ್ಲಿ ಸುಮಾರು 92 ಗ್ರಾಂ ನೀರು, 3 ಗ್ರಾಂ ಪ್ರೋಟೀನು, 22 ಕಿಲೊಕ್ಯಾಲೊರಿ ಶಕ್ತಿ ಇರುತ್ತದೆ. ಅಷ್ಟೇ ತೂಕದ ಹಸಿಶುಂಠಿಯಲ್ಲಿ ಸುಮಾರು 80 ಗ್ರಾಂ ನೀರು, 2 ಗ್ರಾಂ ಪ್ರೋಟೀನು, 67ರಿಂದ 80 ಕಿಲೊಕ್ಯಾಲೊರಿ. ಕಾಗದದ ಮೇಲೆ ಶಕ್ತಿಯ ಲೆಕ್ಕದಲ್ಲಿ ಶುಂಠಿಯೇ ಗೆದ್ದಿತು!

ಆದರೆ 100 ಗ್ರಾಂ ಶುಂಠಿಯನ್ನು ತಿನ್ನುವವರು ಯಾರು? ಒಬ್ಬರ ಪಾಲಿಗೆ ದಿನಕ್ಕೆ ಬರುವುದು ಹೆಚ್ಚೆಂದರೆ 5 ಗ್ರಾಂ. ಅದರಿಂದ ದೊರೆಯುವುದು ನಾಲ್ಕು ಕಿಲೊಕ್ಯಾಲೊರಿ ಮತ್ತು ಲೆಕ್ಕಕ್ಕೆ ಹಿಡಿಯಲಾಗದಷ್ಟು ಪ್ರೋಟೀನು. ಆದುದರಿಂದ ಪೋಷಣೆಯ ದೃಷ್ಟಿಯಲ್ಲಿ ಶುಂಠಿಯು ಆಹಾರವಲ್ಲ, ಸಂಬಾರ. ಅದರ ಗುಣವಿರುವುದು ಜಿಂಜೆರಾಲ್ ಎಂಬ ಖಾರದ ಅಂಶದಲ್ಲಿ. ಒಣಗಿಸಿದಾಗ ಇದರ ಒಂದು ಭಾಗ ಶೋಗಾವೋಲ್ ಆಗಿ ಮಾರ್ಪಡುವುದರಿಂದಲೇ ಒಣಶುಂಠಿಯ ಖಾರ ಇನ್ನೂ ತೀಕ್ಷ್ಣ. ವಾಕರಿಕೆಯನ್ನು, ಅದರಲ್ಲಿಯೂ ಗರ್ಭಿಣಿಯರ ವಾಕರಿಕೆಯನ್ನು, ಶುಂಠಿ ಕೆಲಮಟ್ಟಿಗೆ ತಗ್ಗಿಸುವುದೆಂದು ಪರೀಕ್ಷೆಗಳು ತೋರಿಸಿವೆ. ರಕ್ತ ಹೆಪ್ಪುಗಟ್ಟದಂತೆ ಔಷಧಿ ಸೇವಿಸುವವರು ಮಾತ್ರ ಕಷಾಯದ ಅಭ್ಯಾಸಕ್ಕೆ ಮುನ್ನ ವೈದ್ಯರನ್ನು ಕೇಳತಕ್ಕದ್ದು. ಇನ್ನು, ದಿನಕ್ಕೆ ಆರು ಬಾರಿ ಕುಡಿಯುವ ಚಹದೊಳಗಿನ ಸಕ್ಕರೆಯ ದೋಷವನ್ನು ಅದರಲ್ಲಿನ ಶುಂಠಿಯು ಪರಿಹರಿಸುವುದೆಂಬ ನಂಬಿಕೆಗೆ ಆಧಾರವಿಲ್ಲ.

ಅಣಬೆಯ ವಿಷಯದಲ್ಲಿಯೂ ಉತ್ಪ್ರೇಕ್ಷೆಗೆ ಕೊರತೆಯಿಲ್ಲ. ಅದರಲ್ಲಿ ಶೇಕಡಾ 30ರಷ್ಟು ಪ್ರೋಟೀನು ಇದೆಯೆಂದು ಹೇಳುವುದುಂಟು. ಇದು ನೀರನ್ನೆಲ್ಲ ತೆಗೆದ ಒಣ ಅಣಬೆಯ ಲೆಕ್ಕ. 100 ಗ್ರಾಂ ಹಸಿ ಅಣಬೆ ಒಣಗಿದರೆ ಉಳಿಯುವುದು ಎಂಟೇ ಗ್ರಾಂ. 200 ಗ್ರಾಮಿನ ಒಂದು ಪೆಟ್ಟಿಗೆಯನ್ನು ತಂದು ನಾಲ್ವರಿಗೆ ಬಡಿಸಿದರೆ ತಲಾ ಒಂದೂವರೆ ಗ್ರಾಂ ಪ್ರೋಟೀನು ಬರುತ್ತದೆ. ಒಬ್ಬರ ಸಾರಿಗೆ ಹಾಕುವ 30 ಗ್ರಾಂ ತೊಗರಿಬೇಳೆಯಲ್ಲಿ ಆರು ಗ್ರಾಮಿಗೂ ಮಿಕ್ಕಿ ಇರುತ್ತದೆ. ಮಗುವಿನ ತಟ್ಟೆಯಿಂದ ಬೇಳೆಯನ್ನು ತೆಗೆದು ಅಣಬೆಯನ್ನಿಡುವುದು ನಷ್ಟದ ವ್ಯಾಪಾರವೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಬೇಳೆಯ ಜೊತೆಗೆ ಇಟ್ಟರೆ ಸಂತೋಷ.

ಏಕೆಂದರೆ ಅಣಬೆಯ ನಿಜವಾದ ಬಲ ಬೇರೆಡೆ ಇದೆ. ರೈಬೋಫ್ಲೇವಿನ್ ಮತ್ತು ನಯಾಸಿನ್ ಎಂಬ ಬಿ ಗುಂಪಿನ ಜೀವಸತ್ವಗಳು ಅದರಲ್ಲಿ ಚೆನ್ನಾಗಿವೆ. ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಅತ್ಯಲ್ಪ. ಕುದಿಸಿದ ನೀರನ್ನು ಚೆಲ್ಲಿದರೆ ಈ ಜೀವಸತ್ವಗಳೂ ಅದರೊಡನೆ ಹೋಗುತ್ತವೆ. ಬಿ-12ನ್ನು ಮಾತ್ರ ಅಣಬೆಯಿಂದ ನಿರೀಕ್ಷಿಸಬಾರದು. ಇನ್ನೊಂದು ವಿಶೇಷವನ್ನು ಎತ್ತರದ ಕಟ್ಟಡಗಳ ನೆರಳಿನಲ್ಲಿ ಬಾಳುವ ನಾವು ಗಮನಿಸಬೇಕು. ಅಣಬೆಯಲ್ಲಿರುವ ಎರ್ಗೊಸ್ಟೆರಾಲ್ ಬಿಸಿಲಿಗೆ ಡಿ ಜೀವಸತ್ವವಾಗಿ ಮಾರ್ಪಡುತ್ತದೆ. ಹೋಳು ಮಾಡಿ ಮಧ್ಯಾಹ್ನದ ನೇರ ಬಿಸಿಲಿನಲ್ಲಿ ಅರ್ಧ ಗಂಟೆ ಹರವಿ, ಅನಂತರ ಬೇಯಿಸಿದರೆ ಈ ಲಾಭ ದೊರೆಯುತ್ತದೆ. ಕಿಟಕಿಯ ಗಾಜಿನ ಹಿಂದೆ ಇಟ್ಟರೆ ಪ್ರಯೋಜನವಿಲ್ಲ. ಬೇಕಾದ ಕಿರಣಗಳನ್ನು ಗಾಜು ತಡೆಯುತ್ತದೆ.

ನಮ್ಮ ನೆರೆಯ ಜೈನ ಬಂಧುಗಳು ಅಣಬೆಯನ್ನೂ ಹಸಿಶುಂಠಿಯನ್ನೂ ವರ್ಜಿಸುತ್ತಾರೆ, ಒಣಶುಂಠಿಯನ್ನು ಬಳಸುವುದುಂಟು. ಮೇಲಿನ ಲೆಕ್ಕವನ್ನು ನೋಡಿದರೆ, ಬೇಳೆಕಾಳುಗಳು ಸಮೃದ್ಧವಾಗಿರುವ ಅವರ ಊಟಕ್ಕೆ ಇದರಿಂದ ದೊಡ್ಡ ಕೊರತೆಯೇನೂ ಆಗದು.

ಕೊನೆಯದಾಗಿ, ಮಳೆಗಾಲದಲ್ಲಿ ಬೊರಿವಲಿ, ಆರೆ ಮುಂತಾದ ಹಸಿರಿನ ಸೆರಗಿನಲ್ಲಿ ಅಣಬೆಗಳು ತಲೆಯೆತ್ತುತ್ತವೆ. ಊರಿನ ನೆನಪಿನಿಂದ ಅವನ್ನು ಕಿತ್ತು ತರುವ ಆಸೆ ಸಹಜ, ದಯವಿಟ್ಟು ತರಬೇಡಿ. ಬೆಳ್ಳಿಯ ನಾಣ್ಯ ಕಪ್ಪಾಗುವುದು, ಹುಳು ತಿಂದಿರುವುದು, ಈ ಯಾವ ಮನೆಪರೀಕ್ಷೆಯೂ ವಿಷದ ಅಣಬೆಯನ್ನು ಗುರುತಿಸಲಾರದು. ಅತ್ಯಂತ ಘೋರವಾದ ವಿಷವು ಕುದಿಸಿದರೂ ಅಳಿಯದು. ವಾಂತಿಭೇದಿ ಆರು ಗಂಟೆಗಳಿಗೂ ಮಿಕ್ಕಿ ತಡವಾಗಿ ಆರಂಭವಾದರೆ ಯಕೃತ್ತಿಗೆ ಅಪಾಯವಿದೆಯೆಂದು ತಿಳಿಯಬೇಕು. ನಡುವೆ ಒಂದು ದಿನ ರೋಗಿ ಚೇತರಿಸಿದಂತೆ ಕಂಡರೂ ನಂಬಬಾರದು. ಉಂಡವರೆಲ್ಲರನ್ನೂ, ಉಳಿದ ಅಣಬೆಯ ತುಂಡುಗಳನ್ನೂ ಕೂಡಲೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.