‘ನಾಳೆ ಬಾ’ ಎಂಬ ಬಾಗಿಲು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ಕಟ್ಟಿಸಿದವರು ಕಣ್ಮುಚ್ಚಿದ ಮೇಲೆ ಆ ಮನೆಯನ್ನು ವಾರಸುದಾರರ ಹೆಸರಿಗೆ ಮಾಡಿಸಿ ನೋಡು ಎಂದು ಅವರು ಹೇಳಲಿಲ್ಲ. ಅವರ ಕಾಲದಲ್ಲಿ ಗೃಹಮಂಡಲಿಗಳಿರಲಿಲ್ಲ.

ಸಿರುಗುಪ್ಪದ ಗದ್ದೆಯ ರೈತನಿಗಾಗಲಿ, ಕುರುಗೋಡಿನ ಹೊಲದ ಒಡೆಯನಿಗಾಗಲಿ ‘ಪೌತಿ ಖಾತೆ’ ಹೊಸ ಮಾತಲ್ಲ. ಯಜಮಾನ ತೀರಿಕೊಂಡರೆ ಮೂರು ತಿಂಗಳೊಳಗೆ ವರದಿ ಮಾಡಬೇಕೆಂದು 1964ರ ಭೂಕಂದಾಯ ಕಾಯಿದೆಯೇ ವಿಧಿಸಿದೆ. ಆದರೆ ಆ ಮನೆತನದ ಮಗನೊಬ್ಬ ನೌಕರಿಗೆಂದು ಬಳ್ಳಾರಿಗೆ ಬಂದು, ಸರ್ಕಾರಿ ಗೃಹನಿರ್ಮಾಣ ಸಂಸ್ಥೆಯಿಂದ ಕಂತಿನ ಮೇಲೆ ಒಂದು ಫ್ಲ್ಯಾಟು ಪಡೆದನೆನ್ನಿ. ಸಾಮಾನ್ಯವಾಗಿ ಅದು ಮೊದಲು ಲೀಸ್-ಕಂ-ಸೇಲ್ ಕರಾರಿನ ಮೇಲಿರುತ್ತದೆ. ಕ್ರಯಪತ್ರ ಆಮೇಲಿನ ಮಾತು. ಈ ನಡುವೆ ಆತ ತೀರಿಕೊಂಡರೆ ಹೆಂಡತಿ ಮಕ್ಕಳು ಆ ಸಂಸ್ಥೆಯ ಬಾಗಿಲಿಗೇ ಹೋಗಬೇಕು. ಮರಣಪತ್ರ, ವಂಶವೃಕ್ಷ, ಹಂಚಿಕೆ ಪತ್ರ, ಎಲ್ಲರ ಒಪ್ಪಿಗೆಯ ಅಫಿಡವಿಟ್ಟು ಒಪ್ಪಿಸಿದ ಮೇಲೆ ಕೇಳಿಬರುವುದು ಒಂದೇ ಮಾತು: ನಾಳೆ ಬನ್ನಿ.

ದೆವ್ವ ಒಳಗೆ ಬಾರದಿರಲೆಂದು ನಮ್ಮ ಹಳ್ಳಿಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದುದುಂಟು. ಅದೇ ಮಂತ್ರ ವಿಧವೆಯೊಬ್ಬಳ ಮೇಲೆ ಪ್ರಯೋಗವಾಗುವುದನ್ನು ಏನೆನ್ನೋಣ? ಹೆಸರು ಬದಲಾಗದೆ ಆಕೆ ಮನೆಯನ್ನು ಮಾರಲಾರಳು, ಅದರ ಮೇಲೆ ಸಾಲ ತರಲಾರಳು; ತನ್ನ ಮನೆಯಲ್ಲಿ ತಾನೇ ಪರಕೀಯಳು.

ಕಾನೂನು ಇಷ್ಟು ನಿರ್ದಯವಲ್ಲ. ಉಯಿಲು ಬರೆಯದೆ ಹಿಂದೂ ಗೃಹಸ್ಥ ತೀರಿಕೊಂಡರೆ, 1956ರ ಉತ್ತರಾಧಿಕಾರ ಕಾಯಿದೆಯಂತೆ ತಾಯಿ, ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಆತನ ಸ್ವಾರ್ಜಿತಕ್ಕೆ ಸಮಭಾಗಿಗಳು. ಹಕ್ಕು ಸಾವಿನ ಕ್ಷಣದಲ್ಲೇ ಇಳಿದುಬರುತ್ತದೆ. ಕಚೇರಿ ಅದನ್ನು ದಾನಮಾಡುವುದಿಲ್ಲ, ದಾಖಲಿಸುತ್ತದೆ ಅಷ್ಟೆ.

ದಾಖಲಿಸಲು ತಡಮಾಡಿದರೆ? ಲಖನೌ ಅಭಿವೃದ್ಧಿ ಪ್ರಾಧಿಕಾರ ಮತ್ತು ಎಂ. ಕೆ. ಗುಪ್ತ ಎಂಬುವರ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 1993ರ ನವೆಂಬರಿನಲ್ಲಿ ತೀರ್ಪಿತ್ತಿತು: ಸರ್ಕಾರಿ ಸಂಸ್ಥೆ ಮನೆ ಕಟ್ಟಿಕೊಡುವುದೂ ‘ಸೇವೆ’ಯೇ, ಕಿರುಕುಳಕ್ಕೆ ಪರಿಹಾರ ಕೊಡಬೇಕು, ಆ ಹಣವನ್ನು ತಪ್ಪಿತಸ್ಥ ಅಧಿಕಾರಿಗಳಿಂದಲೇ ವಸೂಲು ಮಾಡಬೇಕು. ಸಾರ್ವಜನಿಕರ ತೆರಿಗೆಯಿಂದ ಉದಾಸೀನದ ದಂಡ ಕಟ್ಟುವುದು ನ್ಯಾಯವಲ್ಲ ಎಂಬುದು ಅದರ ತಿರುಳು. ಗ್ರಾಹಕ ಸತ್ತರೆ ವಾರಸುದಾರನೂ ದೂರುದಾರನಾಗಬಹುದೆಂದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಸ್ಪಷ್ಟವಾಗಿ ಹೇಳುತ್ತದೆ. ಸಿರುಗುಪ್ಪದಲ್ಲೋ ಕುರುಗೋಡಿನಲ್ಲೋ ವಾಸಿಸುವವರು ಬಳ್ಳಾರಿಯ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು, ವಕೀಲರೇ ಬೇಕೆಂದಿಲ್ಲ.

ಆದರೆ ನಮ್ಮ ಪಾಲಿನ ಎಚ್ಚರವೂ ಬೇಕು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಮಾತ್ರ ಅವಧಿ. ಬಾಯಿಮಾತಿನ ‘ನಾಳೆ’ಗೆ ತಾರೀಖಿಲ್ಲ. ಅರ್ಜಿಯನ್ನು ಬರೆದು ಕೊಡಿ, ಸ್ವೀಕೃತಿ ಪಡೆಯಿರಿ, ಆಗದೆಂದರೆ ಕಾರಣ ಕಾಣಿಸಿ ಹಿಂಬರಹ ಕೊಡಿರೆಂದು ಕೇಳಿರಿ. ಇನ್ನು ಅಣ್ಣತಮ್ಮಂದಿರೇ ಪಾಲಿಗಾಗಿ ಜಗಳವಾಡುತ್ತಿದ್ದರೆ, ತಂಗಿಯ ಹೆಸರನ್ನು ವಂಶವೃಕ್ಷದಲ್ಲಿ ಮರೆಮಾಚಿದ್ದರೆ, ಆಗ ತಡವಾದುದಕ್ಕೆ ಗುಮಾಸ್ತನನ್ನು ದೂರಿ ಫಲವಿಲ್ಲ. ಆ ವ್ಯಾಜ್ಯದ ಸ್ಥಳ ಸಿವಿಲ್ ನ್ಯಾಯಾಲಯ.

ಕಡತದಲ್ಲಿ ಹೆಸರೊಂದನ್ನು ಹೊಡೆದು ಇನ್ನೊಂದನ್ನು ಬರೆಯುವುದು ಗುಮಾಸ್ತನಿಗೆ ಒಂದು ಸಾಲಿನ ಕೆಲಸ. ಎದುರಿಗೆ ನಿಂತವಳಿಗೆ ಅದು, ಗಂಡ ದುಡಿದು ಕಟ್ಟಿದ ಕಂತುಗಳ ಕೊನೆಯ ರಸೀದಿ. ಅದನ್ನು ಇಂದೇ ಕೊಡುವುದು ಉಪಕಾರವಲ್ಲ, ಋಣ.