ಮಾಸ್ತಿಕಲ್ಲಿನ ತೋಳು

ಕೆರೆಯ ಏರಿಯ ಮೇಲೋ ಹಾಳುಗುಡಿಯ ಮಗ್ಗುಲಲ್ಲೋ ನಿಂತಿರುವ ಮಾಸ್ತಿಕಲ್ಲುಗಳನ್ನು ಕೇಳುಗರಲ್ಲಿ ಬಹುಮಂದಿ ಕಂಡಿರಬಹುದು. ಕಂಬವೊಂದರಿಂದ ಹೊರಚಾಚಿ, ಮೊಳಕೈಯಲ್ಲಿ ಬಾಗಿ, ಅಂಗೈ ತೆರೆದು ಮೇಲೆತ್ತಿದ ತೋಳು, ಮುಂಗೈ ತುಂಬ ಬಳೆ, ಬೆರಳ ಸಂದಿಯಲ್ಲಿ ಕೆಲವೆಡೆ ನಿಂಬೆಹಣ್ಣು, ಮೇಲೆ ಸೂರ್ಯಚಂದ್ರರು. ಗಂಡನೊಡನೆ ಸಹಗಮನ ಮಾಡಿದ ಹೆಣ್ಣಿನ ಸ್ಮಾರಕವಿದು. ಮಹಾಸತಿ ಎಂಬ ಮಾತೇ ಜನರ ಬಾಯಲ್ಲಿ ಮಾಸ್ತಿಯಾಯಿತು.

ಇದನ್ನು ವೀರಗಲ್ಲಿನೊಡನೆ ಹೋಲಿಸಿ ನೋಡಬೇಕು. ವೀರಗಲ್ಲು ಕೆಳಗಿನಿಂದ ಮೇಲಕ್ಕೆ ಕಥೆ ಹೇಳುತ್ತದೆ: ಮೊದಲು ಕಾಳಗ, ಅನಂತರ ಅಪ್ಸರೆಯರ ನಡುವೆ ಸ್ವರ್ಗಾರೋಹಣ, ಕೊನೆಗೆ ಶಿವಸನ್ನಿಧಿ. ವೀರನಿಗೆ ಮುಖವುಂಟು, ಆಯುಧವುಂಟು, ಎದುರಾಳಿಯುಂಟು. ತೋಳಿನ ಮಾಸ್ತಿಕಲ್ಲಿನಲ್ಲಿ ಹೆಣ್ಣಿಗೆ ಮುಖವೇ ಇಲ್ಲ. ಶಿಲ್ಪಿ ಉಳಿಸಿಕೊಂಡದ್ದು ಬಳೆ ತೊಟ್ಟ ಕೈಯನ್ನು ಮಾತ್ರ. ಆ ಬಳೆ ಒಡೆಯಲಿಲ್ಲವೆಂಬುದೇ ಕಲ್ಲು ಸಾರುವ ಸುದ್ದಿ. ಬದುಕಿ ಉಳಿದಿದ್ದರೆ ಮಂಗಳಕಾರ್ಯಗಳಿಂದ ದೂರ ನಿಲ್ಲಬೇಕಾಗಿದ್ದವಳು ಸತ್ತು ಊರನ್ನೇ ಹರಸುವ ದೇವತೆಯಾದಳು. ಆ ಕೈಗೆ ಅಧಿಕಾರ ಬಂದದ್ದು ಬೆಂಕಿಯಲ್ಲಿ.

ಸಹಗಮನದ ಶಾಸನಗಳಲ್ಲಿ ಪ್ರಸಿದ್ಧವಾದುದು ಹೆಗ್ಗಡದೇವನಕೋಟೆ ತಾಲ್ಲೂಕಿನ ಬೇಲತೂರಿನದು, ಕಾಲ ಕ್ರಿ.ಶ. 1057. ರವಿಗನ ಮಗಳು ದೇಕಬ್ಬೆ, ಅವಳ ಗಂಡ ನವಿಲೆನಾಡಿನ ಏಚ. ಮಲ್ಲಯುದ್ಧದಲ್ಲಿ ದಾಯಾದಿಯನ್ನು ಕೊಂದನೆಂದು ಏಚನನ್ನು ತಲಕಾಡಿನಲ್ಲಿ ಅರಸನ ಆಜ್ಞೆಯಂತೆ ಕೊಲ್ಲಿಸಲಾಯಿತು. ಸುದ್ದಿ ಕೇಳಿದ ದೇಕಬ್ಬೆ, ತಾಯಿತಂದೆ ಬೇಡವೆಂದರೂ ಕೇಳದೆ, ದಾನಗಳನ್ನಿತ್ತು, ದೇವರಿಗೆ ಕೈಮುಗಿದು ಅಗ್ನಿಪ್ರವೇಶ ಮಾಡಿದಳು.

ಈ ಶಾಸನವನ್ನು ನಾನು ಎಂ.ಎ. ತರಗತಿಗಳಿಗೆ ಎಷ್ಟೋ ವರ್ಷ ಪಾಠ ಹೇಳಿದೆ. ಹೆತ್ತವರ ನಿರೋಧವನ್ನು ಮಗಳ ದೃಢತೆಗೆ ಒರೆಗಲ್ಲೆಂದು ವಿವರಿಸಿ, ಪದ್ಯಗಳ ಓಟವನ್ನು ಮೆಚ್ಚಿ, ಮುಂದಕ್ಕೆ ಹೋಗುತ್ತಿದ್ದೆ. ಒಂದು ವರ್ಷ ಹಾಗೆ ಹೋಗಲಾಗಲಿಲ್ಲ. ಆ ಬೇಸಗೆಯಲ್ಲಿ ನನ್ನ ಅಳಿಯ ತೀರಿಕೊಂಡಿದ್ದ. ಹತ್ತನೆಯ ದಿನ ಬಂಧುಗಳಲ್ಲಿ ಹಿರಿಯರೊಬ್ಬರು ಮಗಳ ಬಳೆಯ ಮಾತೆತ್ತಿದಾಗ, ಅವರೆದುರು ಎಂದೂ ದನಿಯೆತ್ತದ ನಾನು ‘ಬೇಡ’ ಎಂದೆ. ಮತ್ತೆ ತರಗತಿಯಲ್ಲಿ ರವಿಗನ ಮಾತು ಬಂದಾಗ ಓದು ನಿಂತಿತು. ಒಂಬೈನೂರು ವರ್ಷಗಳಾಚೆ ಒಬ್ಬ ತಂದೆ ಅದೇ ಮಾತನ್ನಾಡಿ ಸೋತಿದ್ದ.

ದೇಕಬ್ಬೆಯ ಸಂಕಲ್ಪವನ್ನು ನಾನು ಹಗುರಾಗಿಸಲಾರೆ. ಹೆತ್ತವರನ್ನೂ ಮೀರಿದ ಇಚ್ಛೆ ಅದು. ಆದರೆ ಆ ಇಚ್ಛೆಯ ಮುಂದೆ ಅವಳ ಕಾಲ ತೆರೆದಿಟ್ಟದ್ದು ಎರಡೇ ದಾರಿ: ಬಳೆಯಿಲ್ಲದ ಬಾಳು ಅಥವಾ ಬಳೆಯೊಡನೆ ಬೆಂಕಿ. ಗಂಡನನ್ನು ಕೊಂದದ್ದು ಅರಸನ ಆಜ್ಞೆ. ಅದಕ್ಕೆ ಉತ್ತರವೆಂಬಂತೆ ಉರಿದದ್ದು ಹೆಣ್ಣಿನ ದೇಹ.

ಶಾಸನವನ್ನು ಬರೆಸಿದವರು ಮಹಿಮೆಯನ್ನು ಹಾಡಿದರು. ಹಾಗಿದ್ದೂ ಹೆತ್ತವರ ‘ಬೇಡ’ವನ್ನು ಅಳಿಸಲಿಲ್ಲ. ಮಾಸ್ತಿಕಲ್ಲಿಗೆ ಅರಿಸಿನಕುಂಕುಮ ಹಚ್ಚುವ ತಾಯಂದಿರ ಭಕ್ತಿಗೆ ನಾನು ಅಡ್ಡಬರುವುದಿಲ್ಲ. ಆ ತೋಳಿನ ಮುಂದೆ ನಿಂತಾಗ, ಅದನ್ನು ಹಿಡಿದು ಹಿಂದಕ್ಕೆಳೆಯಲು ಹವಣಿಸಿದ ಕೈಗಳೂ ಇದ್ದುವೆಂಬುದನ್ನು ನೆನೆದರೆ ಸಾಕು.

ಮಗಳು ಈಗ ಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ಅವಳ ಕೈಯಲ್ಲಿ ಬಳೆಗಳಿವೆ.